ಯಾವ ಕಂಚು?

ಫೆಬ್ರವರಿ ೧೧

ಮಗಳಿಗೆ ತಾಯಿಯ ಆಶೀರ್ವಾದ.

ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ನೀನು ಇಟ್ಟುಬಿಡುತ್ತೀಯ. ಈಗ ಹೇಗೂ ನಿಮ್ಮ ವಿಮಾನದ ಹ್ಯಾಂಗರಿನೊಳಕ್ಕೆ ಫೋನು ಒಯ್ಯುವಂತಿಲ್ಲ ಎಂದು ಕಟ್ಟಳೆ ಬಂದಿದೆಯಂತೆ. ಒಳ್ಳೆಯದೇ ಆಯಿತು. ಕಾಗದವನ್ನು ಅರ್ಧಕ್ಕೆ ಬಿಟ್ಟರೂ ಉಳಿದರ್ಧ ಅಲ್ಲೇ ಇರುತ್ತದೆ.

ನಮ್ಮ ಅಳಿಯ ಮುನಿಸಿಕೊಂಡಿದ್ದಾನೆ. ನಿನ್ನ ಗಂಡನ ಮಾತಲ್ಲ, ಅವನು ಮುನಿಸಿಕೊಂಡು ಹೋಗಿ ನಾಲ್ಕು ವರ್ಷವಾಯಿತು. ನಾನು ಹೇಳುತ್ತಿರುವುದು ವರ್ಕ್‌ಶಾಪಿನ ಲೋಹ ಕಡೆಯುವ ದೊಡ್ಡ ಕಂಪ್ಯೂಟರ್ ಯಂತ್ರದ ಮಾತು. ಅದಕ್ಕೊಂದು ತಂಪು ಕೋಣೆ, ಗಾಜಿನ ಬಾಗಿಲು, ಒರೆಸಲು ಬೇರೆ ಬಟ್ಟೆ. ಹೊರದೇಶದಿಂದ ಬಂದ ಅದರ ವೈಭೋಗ ನೋಡಿ ಕೆಲಸದವರೇ ಅಳಿಯ ಎಂದು ಹೆಸರಿಟ್ಟರು.

ರಸ್ತೆ ಬದಿಯ ಕಿಟಕಿಗಳಿಗೆಲ್ಲ ಒಳಗಿನಿಂದ ಮರಳಿನ ಮೂಟೆ ಒಟ್ಟಬೇಕೆಂದು ಆಜ್ಞೆಯಾಯಿತು. ಕಿಟಕಿಗೂ ಅಳಿಯನಿಗೂ ನಡುವೆ ಜಾಗವಿರಲಿಲ್ಲ. ಒಂದು ಗೇಣು ಈಚೆಗೆ ಜರುಗಿಸಿ ಎಂದೆ. ಅದನ್ನು ನಡೆಸುವ ಆಪರೇಟರ್ ತಲೆ ಕೆರೆದುಕೊಂಡ.

"ಅಮ್ಮಾ, ಕಂಪನಿಯವರು ಬರದೆ ಇದನ್ನ ಜರುಗಿಸಬಾರದು. ಪುಸ್ತಕದಲ್ಲಿ ಬರೆದಿದೆ."

"ಬಾಂಬು ಬಿದ್ರೆ ಏನು ಮಾಡಬೇಕು ಅಂತ ಬರೆದಿದೆಯಾ ನಿನ್ನ ಪುಸ್ತಕದಲ್ಲಿ?"

"ಇಲ್ಲ."

"ಹಾಗಾದ್ರೆ ಹಾರೆ ತಗೊಂಡು ಬಾ."

ಆರು ಜನ, ನಾಲ್ಕು ಹಾರೆ, ಕೆಳಗೆ ಉರುಳುವ ಪೈಪು. ಒಂದು ಗೀರು ಬೀಳದಂತೆ ಜರುಗಿಸಿದೆವು. ಸ್ವಿಚ್ಚು ಹಾಕಿದರೆ ಪರದೆಯ ಮೇಲೆ ಕೆಂಪು ಅಕ್ಷರದ ಒಂದು ಸಾಲು. ಆಪರೇಟರ್ ಅದನ್ನು ಓದಿ ನೆಲದ ಮೇಲೇ ಕೂತುಬಿಟ್ಟ. ಅದರ ಹೊಟ್ಟೆಯಲ್ಲಿ ಒಂದು ಪೆಟ್ಟಿಗೆ ಇದೆಯಂತೆ. ಯಂತ್ರವನ್ನು ಯಾರಾದರೂ ಕದ್ದೊಯ್ದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೂರಿಸಬಾರದೆಂದು, ಅಲುಗಿದ್ದು ತಿಳಿದ ಕೂಡಲೇ ಅದು ತನಗೆ ತಾನೇ ಬೀಗ ಹಾಕಿಕೊಳ್ಳುತ್ತದಂತೆ. ಕಂಪನಿಯವನು ಬಂದು ಒಂದು ಸಂಖ್ಯೆ ಒತ್ತಿದರೆ ಮಾತ್ರ ತೆರೆಯುವುದು. ಯುದ್ಧದ ನಿರ್ಬಂಧ ಬಂದ ಮರುದಿನವೇ ಆ ಕಂಪನಿಯ ಕೊನೆಯ ಮನುಷ್ಯ ದೇಶ ಬಿಟ್ಟ. ಬರೆದು ಕೇಳಿದ್ದಕ್ಕೆ ಉತ್ತರ ಬಂತು: "ನಿಮ್ಮ ದೇಶಕ್ಕೆ ಸೇವೆ ನಿಲ್ಲಿಸಲಾಗಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು." ನನ್ನ ತಾಳ್ಮೆಯನ್ನು ಅವರು ಯಾವಾಗ ಕಂಡರೋ.

ನನ್ನ ಮನೆಯೊಳಗೆ ನನ್ನ ಯಂತ್ರವನ್ನು ಒಂದು ಗೇಣು ಜರುಗಿಸಿದ್ದಕ್ಕೆ ಈ ಶಿಕ್ಷೆ. ಹನ್ನೊಂದು ಜನ ಬೆಳಿಗ್ಗೆ ಬಂದು ಗುಡಿಸಿದ ನೆಲವನ್ನೇ ಗುಡಿಸುತ್ತಿದ್ದಾರೆ. ಬೀಗ ಬಿಚ್ಚುವ ಉಪಾಯ ನಿನಗೆ ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ, ಕೇಳಿ ಮಾಡಬೇಕಿತ್ತು ಎಂದು ಬರೆಯಬೇಡ.

ನಿನ್ನ ತಾಯಿ


ಫೆಬ್ರವರಿ ೨೬

ಅಮ್ಮನಿಗೆ,

ಉಪಾಯವಿಲ್ಲ. ಬಲವಂತಕ್ಕೆ ಬಿಚ್ಚಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಎರಡನೆಯದನ್ನು ಬರೆಯಬೇಡ ಅಂದಿದ್ದೀಯ, ಬರೆಯುವುದಿಲ್ಲ.

ಇಲ್ಲಿಯೂ ಅದೇ ಕಥೆ. ಏಳು ವಿಮಾನಗಳಲ್ಲಿ ಮೂರು ಹಾರುತ್ತಿವೆ. ಹೊರದೇಶದ ಬಿಡಿಭಾಗ ಬರುವುದು ನಿಂತ ಮೇಲೆ ಹ್ಯಾಂಗರಿನ ಹಿಂಭಾಗದಲ್ಲಿ ನಿಲ್ಲಿಸಿದ ಒಂದು ವಿಮಾನಕ್ಕೆ ನಾವು ದಾನಿ ಎಂದು ಹೆಸರಿಟ್ಟಿದ್ದೇವೆ. ಮೊದಲು ಎಂಜಿನ್ ಕೊಟ್ಟಿತು, ಆಮೇಲೆ ಚಕ್ರಗಳನ್ನು, ಆಮೇಲೆ ಸೀಟಿನ ಬೆಲ್ಟುಗಳನ್ನು. ಈಗ ಅದರೊಳಗೆ ನಿಂತು ಕೆಮ್ಮಿದರೆ ಆ ತುದಿಯಿಂದ ಇನ್ಯಾರೋ ಕೆಮ್ಮಿದಂತೆ ಕೇಳುತ್ತದೆ.

ಈ ವಿಮಾನ ಹಾರಲು ಯೋಗ್ಯ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಗಡಿಯ ಊರುಗಳಿಂದ ಮಕ್ಕಳುಮರಿ ಕಟ್ಟಿಕೊಂಡು ಓಡಿಬರುವ ನೂರೈವತ್ತು ಜನ ಆ ಸಹಿಯ ಮೇಲೆ ಕೂತು ಬರುತ್ತಾರೆ. ಮೊದಲು ಒಂದು ಸುತ್ತು ನೋಡಿ ಸಹಿ ಹಾಕುತ್ತಿದ್ದೆ. ಈಗ ಮೂರು ಸುತ್ತು ಹಾಕುತ್ತೇನೆ.

ಆರೋಗ್ಯ ನೋಡಿಕೋ. ಮೂಟೆ ಹೊರಲು ನೀನೇ ಹೋಗಬೇಡ.

ಮಗಳು


ಮಾರ್ಚ್ ೨೧

ಮಗಳಿಗೆ ಆಶೀರ್ವಾದ.

ಮೂಟೆ ಹೊತ್ತದ್ದು ನಿನಗೆ ಹೇಗೆ ಗೊತ್ತಾಯಿತು? ಹೊತ್ತೆ, ಏನೂ ಆಗಿಲ್ಲ.

ಕೆಲಸ ಬಂದಿದೆ. ಟೈ ಕಟ್ಟಿದ ಒಬ್ಬ ದಲ್ಲಾಳಿ ಬಂದು ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದ. ಒಳಗೆ ಹೆಬ್ಬೆರಳು ತೂರುವಷ್ಟು ದೊಡ್ಡ, ಉಂಗುರದಂಥ ಕಂಚಿನ ಬುಷ್. "ಇಂಥದ್ದು ನಲವತ್ತು ಬೇಕು ಅಮ್ಮಾ. ಐದು ಕಡೆ ಹೋಗಿ ಬಂದೆ. ಎಲ್ಲರ ಯಂತ್ರಕ್ಕೂ ಏನೋ ಒಂದು ರೋಗ. ನಿಮ್ಮಲ್ಲಿ ಕೈಯಿಂದ ನಡೆಸೋ ಹಳೇ ಲೇತ್ ಇದೆ ಅಂತ ಕೇಳಿದೆ."

"ಎಲ್ಲಿಗೆ ಹಾಕೋದು ಇದನ್ನ?"

"ಒಂದು ಕೀಲಿಗೆ."

ಕೀಲು ಬಾಗಿಲಿನದೋ ಬಂಡಿಯದೋ ನಾನು ಕೇಳಲಿಲ್ಲ.

ಆ ಲೇತಿನಲ್ಲಿ ಅಂಥ ಕೆಲಸ ಮಾಡಬಲ್ಲವರು ಒಬ್ಬರೇ, ನಮ್ಮ ಮೇಸ್ತ್ರಿ. ಅಳಿಯ ಬಂದ ವರ್ಷ ಗೋಡೆ ಗಡಿಯಾರವೊಂದನ್ನು ಕೈಗಿಟ್ಟು ಅವರನ್ನು ಮನೆಗೆ ಕಳಿಸಿದವಳು ನಾನೇ. ಈಗ ನಾನೇ ಅವರ ಮನೆ ಬಾಗಿಲಿಗೆ ಹೋದೆ. ಕೂತುಕೊಳ್ಳಿ ಎಂದು ಹೇಳಲಿಲ್ಲ ಮುದುಕ.

"ಅಳಿಯಂದಿರು ಚೆನ್ನಾಗಿದ್ದಾರಾ?" ಅಂದರು.

"ಮಲಗಿದ್ದಾರೆ."

"ಹಾಗಾಗಿ ಮನೆಮಗನ ನೆನಪಾಯ್ತು ಅನ್ನಿ."

ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟ ಮೈಕ್ರೋಮೀಟರ್ ತಂದು ಚಪ್ಪಲಿ ಮೆಟ್ಟಿದರು.

ಟೀ ಲೋಟ ಹಿಡಿದರೆ ಅರ್ಧ ಚೆಲ್ಲುವ ಕೈ ಲೇತಿನ ಹಿಡಿ ಮುಟ್ಟಿದ ಕೂಡಲೇ ನಿಂತುಬಿಡುತ್ತದೆ, ನೋಡಬೇಕು ನೀನು. ಮೊದಲ ಬುಷ್‌ಗೆ ಒಂದು ದಿನ ಹಿಡಿಯಿತು. ದಲ್ಲಾಳಿಯ ಬುಷ್ ಪಕ್ಕದಲ್ಲಿಟ್ಟು ಅಳೆದರೆ ಒಂದು ಕೂದಲನ್ನು ಉದ್ದಕ್ಕೆ ಆರು ಸೀಳು ಮಾಡಿದರೆ ಒಂದು ಸೀಳಿನಷ್ಟೂ ಹೆಚ್ಚುಕಡಿಮೆ ಇಲ್ಲ. ಹೊರದೇಶದವರು ಬೀಗ ಹಾಕಿದ್ದು ಯಂತ್ರಕ್ಕೆ, ನಮ್ಮ ಕೈಗಲ್ಲ. ಇದನ್ನು ನಿನ್ನ ಹ್ಯಾಂಗರಿನವರಿಗೆ ಓದಿ ಹೇಳು.

ನಿನ್ನ ತಾಯಿ


ಮೇ ೩

ಮಗಳಿಗೆ,

ಒಂದೂವರೆ ತಿಂಗಳಿಂದ ಕಾಗದವಿಲ್ಲ. ನಿನಗೆ ಕೆಲಸ ಹೆಚ್ಚು, ಗೊತ್ತು. ನನಗೂ ಹೆಚ್ಚು, ಆದರೂ ಬರೆಯುತ್ತಿದ್ದೇನೆ.

ನಲವತ್ತು ಮುಗಿದು ಮತ್ತೆ ಅರವತ್ತಕ್ಕೆ ಹೇಳಿದ್ದಾರೆ. ಹನ್ನೊಂದೂ ಜನರಿಗೆ ಕೈತುಂಬ ಕೆಲಸ. ಮೇಸ್ತ್ರಿ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೈದು ಬೈದು ಕಲಿಸುತ್ತಿದ್ದಾರೆ. ಆಪರೇಟರ್ ಕಂಪ್ಯೂಟರಿನ ಮುಂದೆ ಕೂರುವವನು, ಈಗ ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ಊಟಕ್ಕೆ ಬರುತ್ತಾನೆ. ನಿನ್ನ ಅಪ್ಪ ಹೋದ ಮೇಲೆ ಹತ್ತೊಂಬತ್ತು ವರ್ಷ ಈ ಶೆಡ್ಡು ನಡೆಸಿದ್ದೇನೆ. ಹೈಸ್ಕೂಲು ಓದಿದ ಹೆಂಗಸು ಎರಡು ವರ್ಷದಲ್ಲಿ ಮಾರಿಕೊಂಡು ಹೋಗುತ್ತಾಳೆ ಅಂದವರ ಯಂತ್ರಗಳೆಲ್ಲ ಈಗ ಮುಸುಕು ಹೊದ್ದು ಮಲಗಿವೆ.

ಒಂದು ಸಾಲಾದರೂ ಬರೆ.

ನಿನ್ನ ತಾಯಿ


ಮೇ ೧೯

ಅಮ್ಮಾ,

ಈ ಕಾಗದವನ್ನು ಓದಿ ಹರಿದುಹಾಕು.

ಮೊನ್ನೆ ಉಗ್ರಾಣದಿಂದ ಒಂದು ಪೊಟ್ಟಣ ಬಂತು. ಮೇಲೆ ವಿಮಾನ ತಯಾರಿಸುವ ಹೊರದೇಶದ ಕಂಪನಿಯ ಚೀಟಿ, ಅವರದೇ ಮುದ್ರೆ, ಅವರದೇ ಪ್ರಮಾಣಪತ್ರ. ಬೇರೆ ಯಾವುದೋ ದೇಶ ಸುತ್ತಿಕೊಂಡು ಬಂದಿದೆ ಎಂದರು. ಒಳಗೆ ಎಂಟು ಬುಷ್‌ಗಳು. ವಿಮಾನದ ಚಕ್ರದ ಕಾಲು ಮಡಚುತ್ತದಲ್ಲ, ಆ ಕೀಲಿಗೆ ಹಾಕುವಂಥವು. ಅಳತೆ ಹಿಡಿದೆ. ತಪ್ಪಿಲ್ಲ. ಆಮೇಲೆ ಒಂದರೊಳಗೆ ಬೆರಳು ಹಾಕಿದೆ.

ಕಂಪನಿಯವರು ಒಳಗಿನ ಅಂಚನ್ನು ಒಂದೇ ಬದಿಯಲ್ಲಿ ಮೊಂಡು ಮಾಡುತ್ತಾರೆ. ಇನ್ನೊಂದು ಬದಿ ಹರಿತವಾಗಿಯೇ ಇರುತ್ತದೆ. ಇವುಗಳಲ್ಲಿ ಎರಡೂ ಬದಿ ಮೊಂಡಾಗಿತ್ತು, ಕೈಯಿಂದ ಕೆರೆದು. ನಾನು ಆರು ವರ್ಷದವಳಿದ್ದಾಗ ವರ್ಕ್‌ಶಾಪಿನಲ್ಲಿ ಬುಷ್ ಒಂದನ್ನು ಉಂಗುರದಂತೆ ಹಾಕಿಕೊಳ್ಳಲು ಹೋಗಿ ಬೆರಳು ಕೊಯ್ದುಕೊಂಡದ್ದು ನಿನಗೆ ನೆನಪಿದೆ. ಆವತ್ತಿನಿಂದ ಎರಡೂ ಅಂಚು ಕೆರೆಯದೆ ಒಂದು ಬುಷ್ಶನ್ನೂ ಮೇಜಿನ ಮೇಲೆ ಇಡದ ಮನುಷ್ಯ ಈ ಲೋಕದಲ್ಲಿ ಒಬ್ಬರೇ ಇದ್ದಾರೆ.

ಚೀಟಿ ಯಾರು ಅಂಟಿಸಿದರು ಎಂದು ನಾನು ಕೇಳುವುದಿಲ್ಲ. ಅಳತೆಯ ಬಗ್ಗೆಯೂ ಕೇಳುವುದಿಲ್ಲ. ಈ ಬುಷ್ ಅಲ್ಯುಮಿನಿಯಂ ಬೆರೆಸಿದ ಗಡಸು ಕಂಚಿನದಾಗಿರಬೇಕು. ಮೆದು ಕಂಚಾದರೆ ಮೊದಮೊದಲು ಏನೂ ತಿಳಿಯುವುದಿಲ್ಲ. ವಿಮಾನ ಇಳಿದಿಳಿದು ಪೆಟ್ಟು ತಿಂದು ಒಂದು ದಿನ ಬುಷ್ ಸವೆದು ಕೀಲು ಸಿಕ್ಕಿಕೊಳ್ಳುತ್ತದೆ. ಆಗ ಚಕ್ರ ಕೆಳಗೆ ಬರುವುದಿಲ್ಲ. ಗಡಸುತನ ಅಳೆಯುವ ಯಂತ್ರ ನಮ್ಮಲ್ಲಿದೆ. ಅದರ ಮೊನೆಯ ವಜ್ರ ಒಡೆದಿದೆ, ಹೊಸದು ಬರುವುದಿಲ್ಲ. ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನ ಮಾತೇ ನನಗೆ ಅಳತೆ.

ಯಾವ ಕಂಚು ಅಮ್ಮಾ?

ಇನ್ನೂ ಸಹಿ ಹಾಕಿಲ್ಲ. ಬೇಗ ಬರೆ.

ಮಗಳು


ಮೇ ೨೭

ಮಗಳಿಗೆ,

ಹೆತ್ತ ತಾಯಿಯ ಕೆಲಸಕ್ಕೆ ಬೆರಳು ಹಾಕಿ ನೋಡುವಷ್ಟು ದೊಡ್ಡವಳಾದೆ. ಸಂತೋಷ.

ನಾನು ಯಾರ ಚೀಟಿಯನ್ನೂ ಅಂಟಿಸಿಲ್ಲ. ನಮ್ಮ ಶೆಡ್ಡಿನಿಂದ ಹೋಗುವಾಗ ಪ್ರತಿ ಬುಷ್ಶೂ ಎಣ್ಣೆ ಕಾಗದದಲ್ಲಿ ಸುತ್ತಿ ಹೋಗಿದೆ, ಹೆಸರಿಲ್ಲದೆ. ಗೇಟು ದಾಟಿದ ಮೇಲೆ ಅದಕ್ಕೆ ಯಾರು ಯಾವ ಅಂಗಿ ತೊಡಿಸಿದರು ಎಂದು ಕಾಯಲು ನಾನು ಪೊಲೀಸಿನವಳಲ್ಲ. ನಿಮ್ಮವರೇ ಕೊಂಡರು, ನಿಮ್ಮವರೇ ಹೊರದೇಶದ್ದೆಂದು ನಂಬಿದರು. ನಮ್ಮದು ಎಂದು ಬರೆದಿದ್ದರೆ ಮೂಸಿಯೂ ನೋಡುತ್ತಿರಲಿಲ್ಲ. ಅದು ಯಾರ ತಪ್ಪು?

ಇಲ್ಲಿ ಹನ್ನೊಂದು ಮನೆಗಳ ಒಲೆ ಉರಿಯುತ್ತಿದೆ. ಆಪರೇಟರನ ಹೆಂಡತಿಗೆ ಈಗ ಏಳು ತಿಂಗಳು. ನಿನ್ನ ಕೈಯಲ್ಲಿ ಪೆನ್ನು ಇದೆ, ಸಂಬಳ ಸಹಿತ. ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಕಲ್ಲು ಸಿಕ್ಕೇ ಸಿಗುತ್ತದೆ.

ನೀನೇ ಅಳೆದು ತಪ್ಪಿಲ್ಲ ಅಂದಿದ್ದೀಯ. ಅಷ್ಟು ಸಾಲದೆ? ನಿನ್ನನ್ನು ಓದಿಸಿದ್ದು ಆ ಲೇತೇ ಎಂಬುದನ್ನು ಮರೆಯಬೇಡ.

ನಿನ್ನ ತಾಯಿ


ಜೂನ್ ೪

ಅಮ್ಮಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿನ್ನ ಕಾಗದ. ಎರಡು ಪುಟ ಬರೆದಿದ್ದೀಯ. ನಾನು ಕೇಳಿದ್ದಕ್ಕೆ ಎರಡು ಅಕ್ಷರದ ಉತ್ತರ ಸಾಕಿತ್ತು.

ಯಾವ ಕಂಚು?

ಮಗಳು


ಜೂನ್ ೨೪

ಅಮ್ಮನಿಗೆ,

ನಿನ್ನ ಉತ್ತರ ಬರಲಿಲ್ಲ. ಬರದಿದ್ದದ್ದನ್ನೇ ಉತ್ತರ ಎಂದು ತಿಳಿದೆ.

ಆ ವಿಮಾನಕ್ಕೆ ಸಹಿ ಹಾಕುವುದಿಲ್ಲ ಎಂದೆ. ಲೋಹದ ಬಗ್ಗೆ ಸಂಶಯವಿದೆ ಎಂದು ಬರೆದುಕೊಟ್ಟೆ. ಮುಖ್ಯಸ್ಥರು ಚೀಟಿ ತೋರಿಸಿದರು, ಮುದ್ರೆ ತೋರಿಸಿದರು. "ಎಲ್ಲಾ ಸರಿ ಇದೆಯಲ್ಲಮ್ಮಾ, ಯಾವ ಆಧಾರದ ಮೇಲೆ ಸಂಶಯ?" ಎಂದು ಕೇಳಿದರು. ನನ್ನ ಬಳಿ ಇದ್ದ ಆಧಾರ ಒಂದೇ. ಅದನ್ನು ಹೇಳಿದ್ದರೆ ಮರುದಿನ ನಿನ್ನ ಗೇಟಿನ ಮುಂದೆ ಜೀಪು ನಿಲ್ಲುತ್ತಿತ್ತು. ಸುಮ್ಮನೆ ನಿಂತೆ. ಎರಡನೇ ಸಲ ಕೇಳಿದರು. ಆಗಲೂ ನಿಂತೆ.

ಯುದ್ಧದ ಸಮಯದಲ್ಲಿ ಕಾರಣವಿಲ್ಲದೆ ವಿಮಾನ ತಡೆದವಳು ಎಂದು ಬರೆದು ನನ್ನ ಲೈಸೆನ್ಸು ತೆಗೆದುಕೊಂಡರು. ಪಕ್ಕದ ಮೇಜಿನವನು ಸಹಿ ಹಾಕಿದ. ಒಳ್ಳೆಯವನೇ, ಮೊದಲು ಚೀಟಿಯನ್ನು ಎರಡು ಸಲ ಓದಿದ. ಮಧ್ಯಾಹ್ನ ಮೂರಕ್ಕೆ ವಿಮಾನ ಹೋಯಿತು. ತುಂಬಿತ್ತು.

ನೀನು ಇನ್ನು ಬರೆಯದಿದ್ದರೂ ನಡೆಯುತ್ತದೆ.

ಮಗಳು


ಜುಲೈ ೨

ಮಗಳಿಗೆ,

ನಿನ್ನ ಕಾಗದವನ್ನು ಮೇಸ್ತ್ರಿಯ ಮುಂದೆ ಇಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ನಾನು ಮೊದಲನೇ ದಿನವೇ ಹೇಳಿದ್ದೆ ಅಮ್ಮಾ," ಅಂದರು.

ಹೇಳಿದ್ದರು. ಮಾದರಿಯ ಬುಷ್ಶಿನ ಮೇಲೆ ಲೋಹ ಉಜ್ಜುವ ಅರವನ್ನು ಒಂದು ಸಲ ಎಳೆದು, ನಮ್ಮ ಕಂಚಿನ ಕಂಬಿಯ ಮೇಲೆ ಒಂದು ಸಲ ಎಳೆದು, ಎರಡೂ ಸದ್ದನ್ನು ನನಗೆ ಕೇಳಿಸಿದ್ದರು. "ಅಳತೆ ತರಬಲ್ಲೆ, ಗಟ್ಟಿತನ ತರಲಾರೆ. ಇದು ಪಂಪಿನ ಕಂಚು. ನೀರು ತಡೆಯುತ್ತೆ, ಪೆಟ್ಟು ತಡೆಯಲ್ಲ." ಆ ಗಡಸು ಕಂಚಿನ ಕಂಬಿಯೂ ಹೊರದೇಶದಿಂದಲೇ ಬರಬೇಕಿತ್ತು. ಬರುತ್ತಿರಲಿಲ್ಲ. ನಮ್ಮ ಉಗ್ರಾಣದಲ್ಲಿ ಇದ್ದದ್ದು ಪಂಪಿನದು ಮಾತ್ರ. ನಾನು ಅವರಿಗೆ ಹೇಳಿದ್ದು ಇಷ್ಟು: "ತಿರುಗಿಸೋದು ನಿಮ್ಮ ಕೆಲಸ ಮೇಸ್ತ್ರಿ, ಯೋಚನೆ ನನ್ನದು."

ದಲ್ಲಾಳಿ ಎರಡನೇ ಸಲ ಬಂದಾಗ, ಈ ಬುಷ್ ವಿಮಾನಕ್ಕೆ ಎಂದು ಬಾಯಿಬಿಟ್ಟಿದ್ದ. ಆ ಮಾತು ಬಿದ್ದ ದಿನ ನಿನ್ನ ನೆನಪಾಯಿತು. ನೂರಾರು ವಿಮಾನಗಳಿವೆ, ಇವಳ ಮೇಜಿಗೇ ಬರುತ್ತದೆಯೇ ಅಂದುಕೊಂಡೆ. ಬೇರೆಯವರ ಮಗಳ ಮೇಜಿಗೆ ಹೋದರೆ ಪರವಾಗಿಲ್ಲ ಎಂದು ಲೆಕ್ಕ ಹಾಕಿದವಳ ಕೈಬರಹ ಇದು. ಸರಿಯಾಗಿ ನೋಡಿಕೋ.

ನೀನು ನನ್ನ ಹೆಸರು ಹೇಳದೆ ನಿಂತೆ. ನನ್ನನ್ನು ಉಳಿಸು ಎಂದು ನಾನು ಕೇಳಿರಲಿಲ್ಲ. ಯಾರ ಋಣದಲ್ಲೂ ಇದ್ದು ನನಗೆ ಅಭ್ಯಾಸವಿಲ್ಲ. ನಾಳೆ ನಾನೇ ಬರೆಯುತ್ತೇನೆ.

ನಿನ್ನ ತಾಯಿ


ಜುಲೈ ೩

ವಿಮಾನ ತಪಾಸಣಾ ಕಚೇರಿಯ ಮುಖ್ಯಸ್ಥರಿಗೆ,

ನಾನು ಒಂದು ವರ್ಕ್‌ಶಾಪಿನ ಮಾಲೀಕಳು. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮಲ್ಲಿ ಚಕ್ರದ ಕೀಲಿನ ನೂರು ಬುಷ್‌ಗಳು ತಯಾರಾಗಿವೆ. ಲೋಹ ಪಂಪಿಗೆ ಬಳಸುವ ಮೆದು ಕಂಚು. ಇವು ಹೊರದೇಶದ ಕಂಪನಿಯ ಚೀಟಿಯೊಂದಿಗೆ ನಿಮ್ಮ ವಿಮಾನಗಳನ್ನು ಸೇರಿವೆ. ಗುರುತು: ಒಳಗಿನ ಅಂಚು ಎರಡೂ ಬದಿಯಲ್ಲಿ ಕೈಯಿಂದ ಕೆರೆದದ್ದು. ಬೆರಳು ಹಾಕಿ ನೋಡಿದರೆ ತಿಳಿಯುತ್ತದೆ.

ಕೆಲಸಗಾರರು ಬೇಡವೆಂದಿದ್ದರು. ಮಾಡಿ ಎಂದವಳು ನಾನು. ನಿಮ್ಮ ಎಂಜಿನಿಯರ್ ಒಬ್ಬಳು ಸಹಿ ಹಾಕಲು ಒಪ್ಪಲಿಲ್ಲ. ಅವಳು ನನ್ನ ಮಗಳು. ಅವಳ ಸಂಶಯ ಸರಿ, ನನ್ನ ಬುಷ್ ತಪ್ಪು. ಅವುಗಳನ್ನು ತೆಗೆಸಿ. ಅವಳ ಲೈಸೆನ್ಸನ್ನು ಹಿಂದಿರುಗಿಸಿ. ನನ್ನನ್ನು ಏನು ಮಾಡಬೇಕೋ ಅದು ನಿಮಗೆ ಬಿಟ್ಟದ್ದು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ವರ್ಕ್‌ಶಾಪಿನಲ್ಲಿಯೇ ಇರುತ್ತೇನೆ. ಇದರೊಂದಿಗೆ ಆ ಕಂಬಿಯ ಒಂದು ತುಂಡನ್ನು ಕಳಿಸಿದ್ದೇನೆ.

ವರ್ಕ್‌ಶಾಪಿನ ಮಾಲೀಕಳು


ಆಗಸ್ಟ್ ೧೬

ಮಗಳಿಗೆ,

ಕಚೇರಿಯಿಂದ ಉತ್ತರ ಬಂತು. ಇದ್ದದ್ದು ಇದ್ದಂತೆ ಬರೆಯುತ್ತೇನೆ.

"ತಾವು ತಿಳಿಸಿದ ಭಾಗಗಳು ಮೂಲ ತಯಾರಕರಿಂದಲೇ ಬಂದವೆಂದು ದಾಖಲೆಗಳಿಂದ ಖಚಿತವಾಗಿದೆ. ಇಷ್ಟು ನಿಖರವಾದ ಭಾಗವನ್ನು ಕೈ ಲೇತಿನಲ್ಲಿ ತಯಾರಿಸುವುದು ಅಸಾಧ್ಯವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಮಗಳ ಮೇಲಿನ ಮಮತೆಯಿಂದ ತಾವು ಬರೆದಿರುವುದಾಗಿ ಭಾವಿಸಿ ಕ್ರಮ ಕೈಗೊಂಡಿಲ್ಲ. ಇಂಥ ಪತ್ರವನ್ನು ಮತ್ತೆ ಬರೆದರೆ ಜನರಲ್ಲಿ ಭೀತಿ ಹಬ್ಬಿಸಿದ ಅಪರಾಧವಾಗುತ್ತದೆ."

ಕಂಬಿಯ ತುಂಡನ್ನೂ ಹಿಂದಕ್ಕೆ ಕಳಿಸಿದ್ದಾರೆ.

ಮೇಸ್ತ್ರಿಗೆ ಓದಿ ಹೇಳಿದೆ. ನಕ್ಕರು. ನಗುತ್ತಾ ಕೆಮ್ಮು ಬಂತು. "ಐವತ್ತು ವರ್ಷದ ಕೆಲಸಕ್ಕೆ ಇಷ್ಟು ದೊಡ್ಡ ಹೊಗಳಿಕೆ ಯಾರೂ ಬರೆದುಕೊಟ್ಟಿರಲಿಲ್ಲ ಅಮ್ಮಾ," ಅಂದರು. ಆಮೇಲೆ ಲೇತ್ ಒರೆಸಿ, ಕೈ ತೊಳೆದುಕೊಂಡು ಮನೆಗೆ ಹೋದವರು ಬಂದಿಲ್ಲ. ಕರೆಯಲು ನಾನೂ ಹೋಗಿಲ್ಲ.

ದಲ್ಲಾಳಿಗೆ ಗೇಟು ತೋರಿಸಿದೆ. ಅವನಿಗೇನು, ಎದುರು ಬೀದಿಯ ಶೆಡ್ಡಿಗೆ ಹೋದ. ಅಲ್ಲಿ ಅಳತೆಯೂ ಸರಿಯಿರಲಾರದು. ಏಳು ಜನರನ್ನು ಮನೆಗೆ ಕಳಿಸಿದೆ. ಆಪರೇಟರನಿಗೆ ಹೆಣ್ಣು ಮಗುವಾಗಿದೆ. ಅವನನ್ನೂ ಕಳಿಸಿದೆ. ಹೋಗುವಾಗ ಕಾಲಿಗೆ ಬಿದ್ದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕಾಗದಕ್ಕೆ ಬಗ್ಗದವರು ಬಾಯಿಗೆ ಬಗ್ಗಬಹುದೆಂದು ನಾನೇ ವಿಮಾನ ನಿಲ್ದಾಣಕ್ಕೆ ಹೋದೆ. ಕಿಟಕಿಯ ಮುಂದೆ ಉದ್ದ ಸಾಲು. ನಿಂತೆ. ನನ್ನ ಮುಂದೆ ಒಬ್ಬಳು, ನಿನ್ನ ವಯಸ್ಸಿರಬಹುದು, ಸೊಂಟದಲ್ಲಿ ಮಗು, ಕಾಲ ಬಳಿ ಮೂರು ಗಂಟು. ಎಲ್ಲರಿಗೂ ಕೇಳುವಂತೆ ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು, "ಎಲ್ಲಿಗೆ ಹೊರಟಿದ್ದೀಯಮ್ಮಾ?"

"ಅಕ್ಕನ ಮನೆಗೆ. ಮೂರು ದಿನ ಅಲೆದು ಈವತ್ತು ಟಿಕೆಟ್ ಸಿಕ್ತು, ಸದ್ಯ ಬದುಕಿದೆ. ನೀವೂ ಬರ್ತೀರಾ ಅಮ್ಮಾ?"

ಬಂದೂಕು ಹಿಡಿದವನು ಎರಡು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಹೆದರಿದೆ ಎಂದು ಬರೆದರೆ ನನಗೆ ಮರ್ಯಾದೆ ಉಳಿಯುತ್ತದೆ. ಹೆದರಿದ್ದು ಅವಳ ಮುಖಕ್ಕೆ. ಯಾರು ಮಾಡಿದ್ದು ಎಂದು ಅವಳು ಕೇಳಿದ್ದರೆ?

"ಸುಖವಾಗಿ ಹೋಗಿ ಬಾ ತಾಯೀ," ಎಂದು ಹೇಳಿ ಸಾಲು ಬಿಟ್ಟು ಬಂದೆ.

ನಿನ್ನ ಕಾಗದ ಮುಟ್ಟಿತು. ಕೊಠಡಿ ಖಾಲಿ ಮಾಡುತ್ತಿದ್ದೇನೆ, ಕೆಲಸ ಬಿಟ್ಟವರಿಗೆ ವಿಮಾನ ಕಂಪನಿ ಒಂದು ಉಚಿತ ಟಿಕೆಟ್ ಕೊಡುತ್ತದೆ, ಇಪ್ಪತ್ತೆರಡಕ್ಕೆ ಬರುತ್ತೇನೆ ಎಂದು ಚುಟುಕಾಗಿ ಬರೆದಿದ್ದೀಯ. ಬಾ. ನನ್ನೊಂದಿಗೆ ಮಾತಾಡದಿದ್ದರೂ ಪರವಾಗಿಲ್ಲ. ಆದರೆ ಆ ಟಿಕೆಟ್ಟನ್ನು ಹರಿದುಹಾಕು. ಬೇರೆ ಯಾರಿಗೂ ಕೊಡಬೇಡ, ಹರಿದೇ ಹಾಕು. ಎರಡು ದಿನ ಹಿಡಿಯಲಿ, ಕೂರಲು ಜಾಗವಿಲ್ಲದೆ ನಿಂತೇ ಬರಬೇಕಾಗಲಿ, ನೀನು ಮಾತ್ರ ರೈಲಿನಲ್ಲಿ ಬಾ.

ನಿನ್ನ ತಾಯಿ